ವೇದಿಕೆ ಬಿಟ್ಟು ವಿದ್ಯಾರ್ಥಿಯಾದ ಗಿಟಾರ್ ವಾದಕ

ಹದಿಹರೆಯದ ಮಗನೋ ಮಗಳೋ ಗಿಟಾರ್ ಬೇಕೆಂದು ಹಠ ಹಿಡಿದಾಗ ತಂದೆತಾಯಿಗಳ ಮನದಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಇದರಿಂದ ಓದಿಗೆ ಅಡ್ಡಿಯಾಗದೇ ಎಂಬುದು ಮೊದಲನೆಯದು. ನಮ್ಮ ಮಗುವಿಗೆ ಸಂಗೀತ ನಿಜವಾಗಿಯೂ ಒಲಿದೀತೇ, ಆ ಶಕ್ತಿ ಹುಟ್ಟಿನಿಂದಲೇ ಬರಬೇಕಲ್ಲವೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಆಯಾ ಮನೆಯವರೇ ಉತ್ತರ ಕಂಡುಕೊಳ್ಳಬೇಕು. ಎರಡನೆಯದಕ್ಕೆ ಇಂಗ್ಲೆಂಡಿನ ರಾಬರ್ಟ್ ಫ್ರಿಪ್ ಎಂಬ ಸಂಗೀತಗಾರರ ಬದುಕಿನಲ್ಲಿ ಒಂದು ಉತ್ತರವಿದೆ.

ರಾಕ್ ಸಂಗೀತವೆಂದೊಡನೆ ನಮ್ಮಲ್ಲಿ ಹಲವರಿಗೆ ಅಬ್ಬರದ ಸದ್ದು, ಕೆದರಿದ ಕೂದಲು, ಕಣ್ಣು ಕೋರೈಸುವ ದೀಪಗಳು ನೆನಪಾಗುತ್ತವೆ. ಫ್ರಿಪ್ ಈ ಚಿತ್ರಕ್ಕೆ ಒಗ್ಗುವವರಲ್ಲ. ವೇದಿಕೆಯ ಮೇಲೆ ಅವರು ಒಂದು ಎತ್ತರದ ಪೀಠದಲ್ಲಿ ಕುಳಿತು, ಕುಣಿಯದೆ, ನಲಿಯದೆ, ಏಕಾಗ್ರಚಿತ್ತರಾಗಿ ಗಿಟಾರ್ ನುಡಿಸಿದವರು. ಖ್ಯಾತ ತಂಡವೊಂದನ್ನು ಕಟ್ಟಿದರು, ಕೀರ್ತಿಯಿದ್ದಾಗಲೇ ಅದನ್ನು ವಿಸರ್ಜಿಸಿ ವಿದ್ಯಾರ್ಥಿಯಾದರು, ಅನಂತರ ಇತರರ ಧ್ವನಿಮುದ್ರಿಕೆಗಳ ನಿರ್ಮಾಪಕರಾದರು, ಕೊನೆಗೆ ಶಿಕ್ಷಕರಾದರು. ಈ ತಿರುವುಗಳು ಮೇಲುನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಅವುಗಳ ಒಳಗೆ ಒಂದೇ ಎಳೆಯಿದೆ. ಕಲಿಯುವುದನ್ನು ನಿಲ್ಲಿಸದವನು ಮಾತ್ರ ಕಲಿಸಬಲ್ಲನೆಂಬುದೇ ಆ ಎಳೆ.

ಶ್ರುತಿಯಿಲ್ಲದ ಹುಡುಗ

ಫ್ರಿಪ್ ಜನಿಸಿದ್ದು 1946ರ ಮೇ 16ರಂದು, ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ವಿಂಬೋರ್ನ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆಯದು ಮನೆ, ಜಮೀನುಗಳ ಮಾರಾಟಕ್ಕೆ ಮಧ್ಯವರ್ತಿಯಾಗುವ ವ್ಯವಹಾರ. ತಾಯಿ ವೇಲ್ಸ್ ನಾಡಿನ ಗಣಿ ಕಾರ್ಮಿಕರ ಮನೆತನದಿಂದ ಬಂದಾಕೆ. ಆಕೆ ಕಚೇರಿಯಲ್ಲಿ ದುಡಿದು ಕೂಡಿಟ್ಟ ಹಣವೇ ಗಂಡನ ವ್ಯವಹಾರಕ್ಕೆ ಮೂಲ ಬಂಡವಾಳವಾಯಿತು. 1957ರ ಕ್ರಿಸ್‌ಮಸ್ ವೇಳೆಗೆ ಹನ್ನೊಂದು ವರ್ಷದ ಬಾಲಕನ ಕೈಗೆ ಒಂದು ಗಿಟಾರ್ ಬಂದಿತು. ಇದೇ ತನ್ನ ಬದುಕೆಂದು ಆಗಲೇ ತನಗೆ ತಿಳಿಯಿತೆಂದು ಫ್ರಿಪ್ ಮುಂದೆ ನೆನಪಿಸಿಕೊಂಡಿದ್ದಾರೆ.

ಆದರೆ ಬಯಕೆಗೂ ಯೋಗ್ಯತೆಗೂ ನಡುವೆ ದೊಡ್ಡ ಕಂದರವಿತ್ತು. ತನಗೆ ಶ್ರುತಿಜ್ಞಾನವಿರಲಿಲ್ಲ, ಲಯದ ಅರಿವೂ ಇರಲಿಲ್ಲ ಎಂದು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಸಾಲದೆಂಬಂತೆ ಅವರು ಹುಟ್ಟು ಎಡಚರು. ಆದರೂ ಬಲಗೈಯವರಂತೆಯೇ ಗಿಟಾರ್ ಹಿಡಿದು ಕಲಿತರು. ಸಂಗೀತಕ್ಕೆ ಅಗತ್ಯವೆಂದು ನಾವು ಭಾವಿಸುವ ಜನ್ಮಜಾತ ಗುಣಗಳಲ್ಲಿ ಒಂದೂ ಇಲ್ಲದ ಹುಡುಗ ಸಂಗೀತಗಾರನಾಗಲು ಏಕೆ ಹಂಬಲಿಸಬೇಕು? ಈ ಪ್ರಶ್ನೆ ಅವರನ್ನು ಬಹುಕಾಲ ಕಾಡಿತು. ಸಂಗೀತವು ತನಗೊಂದು ದನಿ ಬೇಕೆಂದು ಕೆಲವೊಮ್ಮೆ ತೀರ ಅನರ್ಹನೆನಿಸುವವನನ್ನೂ ಕರೆದುಕೊಳ್ಳುತ್ತದೆ ಎಂಬುದು ಅವರು ಕಂಡುಕೊಂಡ ಸಮಾಧಾನ. ಕರೆ ಬಂದ ಮೇಲೆ ಉಳಿಯುವ ದಾರಿಯೊಂದೇ: ಸಾಧನೆ.

ಕ್ಯಾತ್ಲೀನ್ ಗಾರ್ಟೆಲ್ ಎಂಬ ಶಿಕ್ಷಕಿಯ ಬಳಿ ಮೊದಲ ಪಾಠಗಳಾದವು. ಅನಂತರ ಡಾನ್ ಸ್ಟ್ರೈಕ್ ಎಂಬ ಗುರುವಿನಲ್ಲಿ ಅಭ್ಯಾಸ ಮುಂದುವರಿಯಿತು. ಶಾಲೆ ಮುಗಿಸಿದ ಹುಡುಗ ತಂದೆಯ ಸಂಸ್ಥೆಯಲ್ಲಿ ಕಿರಿಯ ನೌಕರನಾದ. ಮುಂದೆ ಬೋರ್ನ್‌ಮತ್ ನಗರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ಇತಿಹಾಸ ಓದುತ್ತ, ಜೊತೆಗೆ ಹೋಟೆಲೊಂದರ ನೃತ್ಯ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತ ನಾಲ್ಕು ಕಾಸು ಸಂಪಾದಿಸಿದ. ತಂದೆಯ ವ್ಯವಹಾರವನ್ನು ವಹಿಸಿಕೊಳ್ಳುವ ಹಾದಿ ಸಿದ್ಧವಾಗಿಯೇ ಇತ್ತು. ಅದನ್ನು ಬಿಟ್ಟು ಇಪ್ಪತ್ತೊಂದರ ವಯಸ್ಸಿನ ಹೊತ್ತಿಗೆ ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಂಡ.

ಕೀರ್ತಿ ಬಂದಿತು, ತಂಡ ಒಡೆಯಿತು

1967ರಲ್ಲಿ ಜೈಲ್ಸ್ ಎಂಬ ಸಹೋದರರು ತಮ್ಮ ತಂಡಕ್ಕೆ ಹಾಡಬಲ್ಲ ಆರ್ಗನ್ ವಾದಕ ಬೇಕೆಂದು ಜಾಹೀರಾತು ಕೊಟ್ಟಿದ್ದರು. ಫ್ರಿಪ್‌ಗೆ ಹಾಡಲೂ ಬರುತ್ತಿರಲಿಲ್ಲ, ಆರ್ಗನ್ನೂ ಬರುತ್ತಿರಲಿಲ್ಲ. ಆದರೂ ಅರ್ಜಿ ಹಾಕಿದರು, ಆಯ್ಕೆಯೂ ಆದರು! ಮೂವರು ಸೇರಿ 1968ರಲ್ಲಿ ಹೊರತಂದ ಧ್ವನಿಮುದ್ರಿಕೆಗೆ ಕೊಳ್ಳುವವರೇ ಇರಲಿಲ್ಲ.

ಆ ಸೋಲಿನ ಬೂದಿಯಿಂದಲೇ ‘ಕಿಂಗ್ ಕ್ರಿಮ್ಸನ್’ ಎದ್ದಿತು. 1969ರ ಜನವರಿ 13ರಂದು ಲಂಡನ್ನಿನ ಉಪಾಹಾರ ಗೃಹವೊಂದರ ನೆಲಮಾಳಿಗೆಯಲ್ಲಿ ಹೊಸ ತಂಡದ ಅಭ್ಯಾಸ ಮೊದಲಾಯಿತು. ಅದೇ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಆಗಿನ ಪ್ರಸಿದ್ಧ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಾರ್ಯಕ್ರಮವಿತ್ತು. ಅದಕ್ಕೆ ಮುನ್ನ ನುಡಿಸಿದ ತಂಡಗಳಲ್ಲಿ ಕಿಂಗ್ ಕ್ರಿಮ್ಸನ್ ಒಂದು. ಆರು ತಿಂಗಳು ತುಂಬದ ತಂಡ ಲಕ್ಷಾಂತರ ಜನರೆದುರು ನಿಂತಿತ್ತು. ಅಕ್ಟೋಬರಿನಲ್ಲಿ ಹೊರಬಂದ ಮೊದಲ ಧ್ವನಿಮುದ್ರಿಕೆ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ರಾಕ್ ಸಂಗೀತಕ್ಕೆ ಜಾಸ್ ಹಾಗೂ ಯುರೋಪಿನ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನು ತಂದುಕೊಟ್ಟ ಕೃತಿಗಳಲ್ಲಿ ಅದು ಇಂದಿಗೂ ಗಣ್ಯವಾದುದು.

ಆದರೆ ಕೀರ್ತಿ ಬಂದ ವೇಗದಲ್ಲಿಯೇ ತಂಡ ಒಡೆಯಿತು. ವರ್ಷ ಮುಗಿಯುವುದರೊಳಗೆ ಇಬ್ಬರು ಹೊರಡಲು ನಿರ್ಧರಿಸಿದರು. ತಂಡ ಉಳಿಯುವುದಾದರೆ ತಾನೇ ಹೊರಹೋಗಲು ಸಿದ್ಧವೆಂದು ಫ್ರಿಪ್ ಹೇಳಿದರೂ ಅದು ನಡೆಯಲಿಲ್ಲ. ಬಳಿಕ ಹಲವರು ಬಂದರು, ಹೋದರು. ಹೆಸರನ್ನು ಹೊತ್ತು ಮುನ್ನಡೆದವರು ಫ್ರಿಪ್ ಒಬ್ಬರೇ. 1974ರ ಬೇಸಗೆಯಲ್ಲಿ ‘ರೆಡ್’ ಎಂಬ ಧ್ವನಿಮುದ್ರಿಕೆ ಸಿದ್ಧವಾಯಿತು. ಅದು ಮಾರುಕಟ್ಟೆಗೆ ಬರುವ ಮೊದಲೇ, ಸೆಪ್ಟೆಂಬರಿನಲ್ಲಿ, ಅವರು ತಂಡವನ್ನು ವಿಸರ್ಜಿಸಿದರು. ಆಗ ಅವರಿಗೆ ಕೇವಲ ಇಪ್ಪತ್ತೆಂಟು ವರ್ಷ.

ಪಾತ್ರೆ ತೊಳೆಯುವ ಪಾಠ

ಹಣ, ಹೆಸರು, ಅಭಿಮಾನಿಗಳ ಬಳಗ ಎಲ್ಲವೂ ಇದ್ದಾಗ ಅವನ್ನು ಬಿಟ್ಟು ಹೋದದ್ದೇಕೆ? ಸಂಗೀತದ ಉದ್ಯಮವು ಸಂಗೀತವನ್ನೇ ನುಂಗುತ್ತಿದೆಯೆಂಬ ಬೇಸರ ಒಂದು ಕಾರಣ. ತಾನು ಕೈಬೆರಳುಗಳನ್ನು ಪಳಗಿಸಿದ್ದೇನೆ, ತನ್ನನ್ನು ಪಳಗಿಸಿಕೊಂಡಿಲ್ಲ ಎಂಬ ಅರಿವು ಇನ್ನೊಂದು. ಅದೇ ವೇಳೆಗೆ ಜೆ.ಜಿ. ಬೆನೆಟ್ ಎಂಬ ಇಂಗ್ಲಿಷ್ ಚಿಂತಕರ ಬರಹ ಅವರ ಕೈಸೇರಿ ಮನಸ್ಸನ್ನು ಅಲುಗಾಡಿಸಿತ್ತು. ಗ್ಲಾಸ್ಟರ್‌ಷೈರಿನ ಶರ್ಬರ್ನ್ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ ಬೆನೆಟ್ ಒಂದು ವಸತಿ ವಿದ್ಯಾಲಯ ನಡೆಸುತ್ತಿದ್ದರು. 1974ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರೂ ವಿದ್ಯಾಲಯ ನಡೆಯುತ್ತಲೇ ಇತ್ತು. 1975ರಲ್ಲಿ ಫ್ರಿಪ್ ಅಲ್ಲಿನ ಹತ್ತು ತಿಂಗಳ ಶಿಕ್ಷಣಕ್ಕೆ ಸೇರಿದರು.

ಅಲ್ಲಿ ಅವರು ಯಾವ ವಿಖ್ಯಾತ ವಾದಕರೂ ಆಗಿರಲಿಲ್ಲ. ಎಲ್ಲರಂತೆ ಒಬ್ಬ ವಿದ್ಯಾರ್ಥಿ. ಅಡುಗೆ, ಗುಡಿಸುವಿಕೆ, ತೋಟದ ಕೆಲಸ, ಜೊತೆಗೆ ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಇವೇ ದಿನಚರಿ. ಮಾಡುವ ಕೆಲಸ ಯಾವುದೇ ಇರಲಿ, ಪೂರ್ಣ ಗಮನವಿಟ್ಟು ಮಾಡುವುದೇ ಪಾಠ. ಪಾತ್ರೆ ತೊಳೆಯುವಾಗ ಎಲ್ಲೋ ಅಲೆಯುವ ಮನಸ್ಸು ಗಿಟಾರ್ ಹಿಡಿದಾಗ ಮಾತ್ರ ನೆಟ್ಟಗೆ ನಿಂತೀತೆಂದು ನಂಬುವುದು ಹೇಗೆ? ಗುರುಕುಲದ ಕಲ್ಪನೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಆದರೆ ರಾಕ್ ಸಂಗೀತದ ಲೋಕದಲ್ಲಿ, ಅದೂ ಕೀರ್ತಿಯ ನಡುಹಾದಿಯಲ್ಲಿ, ಹೀಗೆ ತಲೆಬಾಗಿ ಕಲಿಯಲು ಕುಳಿತವರು ವಿರಳ.

ಇತರರ ಸಂಗೀತಕ್ಕೆ ಕಿವಿಯಾಗಿ

ಅಲ್ಲಿಂದ ಹೊರಬಂದ ಫ್ರಿಪ್ ಒಡನೆಯೇ ಬೆಳಕಿಗೆ ಬರಲಿಚ್ಛಿಸಲಿಲ್ಲ. 1977ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಅವರ ಪ್ರವಾಸದಲ್ಲಿ ಬೇರೊಂದು ಹೆಸರಿಟ್ಟುಕೊಂಡು, ಕೆಲವೊಮ್ಮೆ ಪರದೆಯ ಮರೆಯಲ್ಲಿ ಕುಳಿತು ನುಡಿಸಿದರು. ಅದೇ ವರ್ಷ ಬರ್ಲಿನ್ ನಗರದ ಸ್ಟುಡಿಯೋದಿಂದ ಬ್ರಯಾನ್ ಈನೋ ಕರೆ ಮಾಡಿ, ಡೇವಿಡ್ ಬೋವಿ ಅವರ ‘ಹೀರೋಸ್’ ಗೀತೆಗೆ ಗಿಟಾರ್ ನುಡಿಸಲು ಆಹ್ವಾನಿಸಿದರು. ಧ್ವನಿವರ್ಧಕದಿಂದ ಎಷ್ಟು ದೂರದಲ್ಲಿ ನಿಂತರೆ ತಂತಿಯ ನಾದ ಯಾವ ಸ್ವರದಲ್ಲಿ ಮರುಧ್ವನಿಸುತ್ತದೆಂಬುದನ್ನು ಗುರುತಿಸಿಕೊಂಡು, ಆಯಾ ಜಾಗದಲ್ಲಿ ನಿಂತು ನುಡಿಸಿದರು. ಆ ಹಾಡಿನುದ್ದಕ್ಕೂ ತೇಲಿಬರುವ ದೀರ್ಘ ನಾದ ಹೀಗೆ ಹುಟ್ಟಿದ್ದು.

ಧ್ವನಿಮುದ್ರಿಕೆಯ ನಿರ್ಮಾಪಕನೆಂದರೆ ಚಲನಚಿತ್ರದ ನಿರ್ಮಾಪಕನಂತೆ ಹಣ ಹೂಡುವವನಲ್ಲ. ಕಲಾವಿದನ ಮನದಲ್ಲಿರುವುದು ಕೇಳುಗನ ಕಿವಿಗೆ ಹೇಗೆ ತಲುಪಬೇಕೆಂದು ನಿರ್ಧರಿಸಲು ನೆರವಾಗುವವನು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ಹೇಳಬಲ್ಲವನು. ಫ್ರಿಪ್ ಗೇಬ್ರಿಯಲ್ ಅವರ 1978ರ ಧ್ವನಿಮುದ್ರಿಕೆಯನ್ನು ನಿರ್ಮಿಸಿದರು. 1979ರಲ್ಲಿ ರೋಚ್ ಎಂಬ ಮೂವರು ಸಹೋದರಿಯರ ಮೊದಲ ಧ್ವನಿಮುದ್ರಿಕೆಯ ಹೊಣೆ ಹೊತ್ತಾಗ, ಅಲಂಕಾರಗಳನ್ನೆಲ್ಲ ಬದಿಗಿಟ್ಟು, ಆ ಮೂರು ಕಂಠಗಳು ಮನೆಯಲ್ಲಿ ಕುಳಿತು ಹಾಡಿದಷ್ಟೇ ಸಹಜವಾಗಿ ಕೇಳಿಸುವಂತೆ ಮುದ್ರಿಸಿದರು. ತಾನು ಮರೆಯಾಗುವುದೇ ಅಲ್ಲಿ ಅವರ ಕೌಶಲ.

1977ರಲ್ಲಿ ಡ್ಯಾರಿಲ್ ಹಾಲ್ ಎಂಬ ಜನಪ್ರಿಯ ಗಾಯಕನಿಗಾಗಿ ‘ಸೇಕ್ರೆಡ್ ಸಾಂಗ್ಸ್’ ನಿರ್ಮಿಸಿದಾಗ ಬೇರೊಂದು ಅನುಭವವಾಯಿತು. ಇದು ಮಾರಾಟವಾಗುವ ಸರಕಲ್ಲವೆಂದು ಧ್ವನಿಮುದ್ರಿಕೆ ಸಂಸ್ಥೆ ಅದನ್ನು ತಡೆಹಿಡಿಯಿತು. ಅದು ಜನರ ಕೈಸೇರಿದ್ದು 1980ರಲ್ಲಿ. ಸಂಗೀತದ ಅಳತೆಗೋಲು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಅವರ ಮುಂದೆ ಮತ್ತೆ ನಿಂತಿತು.

ಇದೇ ಕಾಲದಲ್ಲಿ ಅವರು ಒಬ್ಬರೇ ನಡೆಸಿದ ಪ್ರಯೋಗವೂ ಉಲ್ಲೇಖನೀಯ. ಅದಕ್ಕೆ ‘ಫ್ರಿಪ್ಪರ್‌ಟ್ರಾನಿಕ್ಸ್’ ಎಂದು ಹೆಸರು. ಎರಡು ಟೇಪ್ ರೆಕಾರ್ಡರುಗಳನ್ನು ಅಕ್ಕಪಕ್ಕದಲ್ಲಿ ಅಂತರವಿಟ್ಟು ನಿಲ್ಲಿಸುವುದು. ಒಂದೇ ಟೇಪು ಮೊದಲನೆಯದರಿಂದ ಹೊರಟು ಎರಡನೆಯದಕ್ಕೆ ಹಾಯುವಂತೆ ಮಾಡುವುದು. ಮೊದಲನೆಯ ಯಂತ್ರ ಮುದ್ರಿಸಿದ ಸ್ವರವನ್ನು ಎರಡನೆಯದು ಕೆಲವು ಸೆಕೆಂಡುಗಳ ಬಳಿಕ ನುಡಿಸುತ್ತದೆ. ಆ ನಾದವನ್ನು ಮರಳಿ ಮೊದಲನೆಯದಕ್ಕೆ ಕಳುಹಿಸಿದರೆ ಹೊಸ ಸ್ವರದೊಡನೆ ಅದೂ ಮತ್ತೆ ಮುದ್ರಿತವಾಗುತ್ತದೆ. ಹೀಗೆ ಸ್ವರದ ಮೇಲೆ ಸ್ವರ ಪದರಪದರವಾಗಿ ಕೂಡುತ್ತ, ಹಳೆಯದು ಮೆಲ್ಲಗೆ ಮಾಸುತ್ತ, ಒಬ್ಬ ವಾದಕನೇ ಒಂದು ವೃಂದವಾಗುತ್ತಾನೆ. ಈನೋ ಜೊತೆಗೂಡಿ 1972ರಲ್ಲಿ ಆರಂಭಿಸಿದ್ದ ಈ ಪದ್ಧತಿಯನ್ನು ಹೊತ್ತು ಫ್ರಿಪ್ 1979ರಲ್ಲಿ ಊರೂರು ಸುತ್ತಿದರು. ದೊಡ್ಡ ಸಭಾಂಗಣಗಳನ್ನು ಬಿಟ್ಟು ಧ್ವನಿಮುದ್ರಿಕೆಯ ಅಂಗಡಿ, ಉಪಾಹಾರ ಗೃಹಗಳಲ್ಲಿ, ಕೈಗೆಟಕುವಷ್ಟು ಹತ್ತಿರ ಕುಳಿತ ಕೇಳುಗರಿಗಾಗಿ ನುಡಿಸಿದರು.

1981ರಲ್ಲಿ ಕಿಂಗ್ ಕ್ರಿಮ್ಸನ್ ಮತ್ತೆ ಹುಟ್ಟಿತು. ಏಡ್ರಿಯನ್ ಬೆಲ್ಯೂ, ಟೋನಿ ಲೆವಿನ್, ಬಿಲ್ ಬ್ರೂಫರ್ಡ್ ಜೊತೆಗಿದ್ದರು. ಆ ವರ್ಷದ ಧ್ವನಿಮುದ್ರಿಕೆಯ ಹೆಸರು ‘ಡಿಸಿಪ್ಲಿನ್’, ಅಂದರೆ ಶಿಸ್ತು. ಎರಡು ಗಿಟಾರುಗಳು ಬೇರೆಬೇರೆ ಎಣಿಕೆಯಲ್ಲಿ ಹೆಣೆದುಕೊಂಡು ಸಾಗುವ ಆ ಸಂಗೀತದಲ್ಲಿ ಯಾರೊಬ್ಬರೂ ಮುಂದೆ ನುಗ್ಗುವಂತಿಲ್ಲ. ಒಬ್ಬ ತಪ್ಪಿದರೆ ಇಡೀ ನೇಯ್ಗೆಯೇ ಬಿಚ್ಚಿಕೊಳ್ಳುತ್ತದೆ.

ತಜ್ಞರನ್ನೂ ಮೊದಲ ಪಾಠಕ್ಕೆ ಕೂರಿಸಿದ ಗುರು

ಮೂರು ವರ್ಷಗಳ ಬಳಿಕ ಆ ತಂಡವೂ ಬಿಡಾರ ಕಿತ್ತಿತು. 1985ರ ಮಾರ್ಚಿನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಕ್ಲೇಮಾಂಟ್ ಎಂಬಲ್ಲಿ ಫ್ರಿಪ್ ತಮ್ಮ ಮೊದಲ ಗಿಟಾರ್ ಶಿಬಿರ ನಡೆಸಿದರು. ಕ್ಲೇಮಾಂಟ್ ಬೆನೆಟ್ ಅವರ ಅನುಯಾಯಿಗಳು ಕಟ್ಟಿಕೊಂಡ ನೆಲೆ. ಹತ್ತು ವರ್ಷಗಳ ಹಿಂದೆ ವಿದ್ಯಾರ್ಥಿಯಾಗಿ ಪಡೆದುದನ್ನು ಅವರು ಅದೇ ಪರಂಪರೆಯ ಅಂಗಳದಲ್ಲಿ ಶಿಕ್ಷಕರಾಗಿ ಹಿಂತಿರುಗಿಸತೊಡಗಿದರು. ಈ ಶಿಕ್ಷಣಕ್ಕೆ ‘ಗಿಟಾರ್ ಕ್ರಾಫ್ಟ್’ ಎಂದು ಹೆಸರಾಯಿತು.

ಅಲ್ಲಿ ಅವರು ಮಾಡಿದ ಮೊದಲ ಕೆಲಸ ಗಿಟಾರಿನ ಶ್ರುತಿಯನ್ನೇ ಬದಲಿಸಿದ್ದು. ಗಿಟಾರಿಗೆ ಆರು ತಂತಿಗಳು. ಅವನ್ನು ಹೇಗೆ ಶ್ರುತಿಗೊಳಿಸಬೇಕೆಂಬ ಕ್ರಮ ಬಹುಕಾಲದಿಂದ ರೂಢಿಯಲ್ಲಿದೆ. ಫ್ರಿಪ್ ಬೇರೊಂದು ಕ್ರಮ ತಂದರು. ಕೆಳಸ್ಥಾಯಿಯಿಂದ ಮೊದಲ್ಗೊಂಡು ಐದು ತಂತಿಗಳ ನಡುವೆ ಷಡ್ಜ-ಪಂಚಮದ ಅಂತರ, ಪಾಶ್ಚಾತ್ಯ ಪಿಟೀಲಿನಲ್ಲಿರುವಂತೆ. ಆರನೆಯದಕ್ಕೆ ಮಾತ್ರ ಅದಕ್ಕಿಂತ ಕಿರಿದಾದ ಅಂತರ. ಇದರಿಂದ ವಾದ್ಯದ ವ್ಯಾಪ್ತಿ ಹೆಚ್ಚಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು ಪರಿಣಾಮ. ಇಪ್ಪತ್ತು ವರ್ಷ ನುಡಿಸಿ ಪಳಗಿದ ಬೆರಳುಗಳು ಈ ಗಿಟಾರಿನ ಮೇಲೆ ದಾರಿ ತಪ್ಪುತ್ತವೆ. ನಿನ್ನೆ ಮೊನ್ನೆ ಗಿಟಾರ್ ಮುಟ್ಟಿದವನೂ ಖ್ಯಾತ ವಾದಕನೂ ಒಂದೇ ಸಾಲಿನಲ್ಲಿ ಕುಳಿತು ಅಕ್ಷರಾಭ್ಯಾಸ ಮಾಡಬೇಕಾಗುತ್ತದೆ. ಅಹಂಕಾರವನ್ನು ಉಪದೇಶದಿಂದ ಇಳಿಸುವುದು ಕಷ್ಟ. ಫ್ರಿಪ್ ಅದನ್ನು ತಂತಿ ತಿರುಗಿಸಿ ಇಳಿಸಿದರು.

ಶಿಬಿರದ ದಿನ ಆರಂಭವಾಗುವುದು ಗಿಟಾರಿನಿಂದಲ್ಲ, ಮೌನದಿಂದ. ಬೆಳಗ್ಗೆ ಎಲ್ಲರೂ ಕುಳಿತು ಮೈಯನ್ನು ಸಡಿಲಗೊಳಿಸಿ, ಅಂಗಾಂಗಗಳ ಕಡೆಗೆ ಗಮನ ಹರಿಸುತ್ತಾರೆ. ಬಿಗಿದ ಭುಜ, ಗಟ್ಟಿಯಾದ ಮಣಿಕಟ್ಟುಗಳಿಂದ ಒಳ್ಳೆಯ ನಾದ ಹೊರಡದು. ಬಳಿಕ ಕೂರುವ ಭಂಗಿ, ವಾದ್ಯ ಹಿಡಿಯುವ ರೀತಿ, ತಂತಿ ಮೀಟುವ ಬಲಗೈಯ ಚಲನೆ ಇವನ್ನು ಮೂಲದಿಂದ ತಿದ್ದಲಾಗುತ್ತದೆ. ಅಡುಗೆಮನೆಯ ಕೆಲಸವನ್ನೂ ಎಲ್ಲರೂ ಹಂಚಿಕೊಳ್ಳಬೇಕು.

ಅಲ್ಲಿನ ಒಂದು ಅಭ್ಯಾಸವನ್ನಂತೂ ಸಂಗೀತ ಬಾರದವರೂ ಅರ್ಥಮಾಡಿಕೊಳ್ಳಬಲ್ಲರು. ಎಲ್ಲರೂ ವೃತ್ತಾಕಾರವಾಗಿ ಕೂರುತ್ತಾರೆ. ಒಬ್ಬರು ಒಂದೇ ಸ್ವರ ನುಡಿಸುತ್ತಾರೆ. ಅದನ್ನು ಕೇಳಿಸಿಕೊಂಡ ಪಕ್ಕದವರು ತಮ್ಮದೊಂದು ಸ್ವರ ಸೇರಿಸುತ್ತಾರೆ. ಹೀಗೆ ಸ್ವರ ಕೈಯಿಂದ ಕೈಗೆ ಸುತ್ತುತ್ತ ಒಂದು ರಾಗರೇಖೆಯಾಗುತ್ತದೆ. ಅದು ಯಾರೊಬ್ಬರದೂ ಅಲ್ಲ; ಆದರೆ ಒಬ್ಬರ ಗಮನ ಚದುರಿದರೂ ಅಲ್ಲಿಗೇ ಕಡಿದುಹೋಗುತ್ತದೆ. ನುಡಿಸುವುದಕ್ಕಿಂತ ಕೇಳುವುದು ದೊಡ್ಡ ವಿದ್ಯೆಯೆಂಬುದನ್ನು ಇದಕ್ಕಿಂತ ಸರಳವಾಗಿ ಕಲಿಸುವುದು ಸಾಧ್ಯವೇ?

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಹಲವು ದೇಶಗಳ ಸಾವಿರಾರು ಜನ ಈ ಶಿಬಿರಗಳಲ್ಲಿ ಕಲಿತರು. ಬೆಲ್ಜಿಯಂ, ಜಪಾನ್ ಮತ್ತು ಅಮೆರಿಕದ ಮೂವರು ಶಿಬಿರಾರ್ಥಿಗಳು ಕೂಡಿ 1991ರಲ್ಲಿ ಕಟ್ಟಿದ ‘ಕ್ಯಾಲಿಫೋರ್ನಿಯಾ ಗಿಟಾರ್ ಟ್ರಿಯೋ’ ಪ್ರಸಿದ್ಧವಾಯಿತು. ಟ್ರೇ ಗನ್ ಎಂಬ ಶಿಷ್ಯ 1994ರಲ್ಲಿ ಗುರುವಿನ ಪಕ್ಕದಲ್ಲೇ ಕಿಂಗ್ ಕ್ರಿಮ್ಸನ್ ಸದಸ್ಯನಾಗಿ ನಿಂತರು. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ತಾ ಕಂಪ್ಯೂಟರುಗಳನ್ನು ಹಾಕಿದೊಡನೆ ಕೇಳುತ್ತಿದ್ದ ನಾಲ್ಕು ಸೆಕೆಂಡುಗಳ ನಾದ ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದು ಫ್ರಿಪ್ ಅವರ ಧ್ವನಿಮುದ್ರಣದಿಂದ ರೂಪುಗೊಂಡದ್ದು. ಹೆಸರು ತಿಳಿಯದೆಯೇ ನಾವೂ ಅವರ ಕೇಳುಗರಾಗಿದ್ದೇವೆ.

2010ರ ಮಾರ್ಚಿನಲ್ಲಿ, ಇಪ್ಪತ್ತೈದು ವರ್ಷ ತುಂಬಿದ ದಿನವೇ, ಗಿಟಾರ್ ಕ್ರಾಫ್ಟ್ ಎಂಬ ಹೆಸರಿಗೆ ಮಂಗಳ ಹಾಡಿ, ‘ಗಿಟಾರ್ ಸರ್ಕಲ್’ ಎಂಬ ಹೊಸ ರೂಪದಲ್ಲಿ ಪಾಠವನ್ನು ಮುಂದುವರಿಸಿದರು. ಅದೇ ಹೆಸರಿನ ಗ್ರಂಥವನ್ನು 2022ರಲ್ಲಿ ಹೊರತಂದರು.

ಬೆವರಿನ ಬೆಲೆಗಾಗಿ

ಸಾಧನೆ, ಮೌನ, ಶಿಸ್ತು ಎನ್ನುವವರಿಗೆ ಲೋಕವ್ಯವಹಾರದ ಅರಿವಿರದೆಂದು ಭಾವಿಸುವುದುಂಟು. ಫ್ರಿಪ್ ಹಾಗಲ್ಲ. ತಂಡದ ಆರಂಭದಿಂದಲೂ ಅದರ ವ್ಯವಹಾರವನ್ನೂ ಹಕ್ಕುಗಳನ್ನೂ ನೋಡಿಕೊಳ್ಳುತ್ತಿದ್ದ ಸಂಸ್ಥೆಯೊಡನೆ 1991ರಿಂದ ಅವರಿಗೆ ತೀವ್ರ ವ್ಯಾಜ್ಯ ಉಂಟಾಯಿತು. ತಾನು ಸೃಷ್ಟಿಸಿದ ಸಂಗೀತದ ಮೇಲೆ ತನಗೇ ಹಕ್ಕಿಲ್ಲದ ಸ್ಥಿತಿ. ನುಡಿಸಬೇಕಾದ ಕೈಗಳು ಕಾಗದಪತ್ರ ಹಿಡಿದು ವಕೀಲರ ಬಳಿ ಅಲೆಯಬೇಕಾಯಿತು. 1997ರಲ್ಲಿ ಅದು ಇತ್ಯರ್ಥವಾಗುವವರೆಗೆ ಆರು ವರ್ಷಗಳೇ ಕಳೆದವು.

ಆ ಕಹಿಯ ನಡುವೆಯೇ, 1992ರಲ್ಲಿ, ಡೇವಿಡ್ ಸಿಂಗಲ್‌ಟನ್ ಜೊತೆಗೂಡಿ ಅವರು ‘ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್’ ಎಂಬ ಸ್ವಂತ ಸಂಸ್ಥೆ ಸ್ಥಾಪಿಸಿದರು. ಸಂಗೀತದ ಕೃತಿಸ್ವಾಮ್ಯ ಅದನ್ನು ರಚಿಸಿದ ಕಲಾವಿದನಲ್ಲಿಯೇ ಉಳಿಯಬೇಕೆಂಬುದು ಅದರ ಮೊದಲ ನಿಯಮ. ತನಗಾದ ಅನ್ಯಾಯಕ್ಕೆ ಪರಿಹಾರ ಪಡೆದು ಸುಮ್ಮನಾಗುವವರು ಬಹಳ. ಅದೇ ಅನ್ಯಾಯ ಇನ್ನೊಬ್ಬರಿಗೆ ಆಗದಂತೆ ಕಟ್ಟುಪಾಡು ರೂಪಿಸುವವರು ಕೆಲವರು. ವಿದ್ಯೆ ಕಲಿಸಿದಷ್ಟೇ ಮುಖ್ಯವಾದ ಶಿಕ್ಷಣ ಇದು.

ಉಳಿದುಕೊಂಡ ಮಾತು

ಫ್ರಿಪ್ ಅವರನ್ನು ದೋಷರಹಿತರೆಂದು ಚಿತ್ರಿಸಿದರೆ ಸತ್ಯಕ್ಕೆ ಅಪಚಾರವಾದೀತು. ಅವರ ಜೊತೆ ದುಡಿಯುವುದು ಸುಲಭವಲ್ಲವೆಂದು ಜೊತೆಗಾರರೇ ಹೇಳಿದ್ದಾರೆ. 2022ರಲ್ಲಿ ತೆರೆಕಂಡ ಕಿಂಗ್ ಕ್ರಿಮ್ಸನ್ ಕುರಿತ ಸಾಕ್ಷ್ಯಚಿತ್ರದಲ್ಲಿ, ನೊಂದು ತಂಡ ಬಿಟ್ಟವರ ಮಾತುಗಳೂ ಫ್ರಿಪ್ ಅವರ ಕಣ್ಣೀರೂ ಕಾಣಸಿಗುತ್ತವೆ. ಪರಿಪೂರ್ಣತೆಯ ಹಂಬಲಕ್ಕೆ ಬೆಲೆ ತೆರಬೇಕಾಗುತ್ತದೆ. ಕೆಲವೊಮ್ಮೆ ಅದನ್ನು ಹತ್ತಿರದವರು ತೆರುತ್ತಾರೆ. ಶಿಸ್ತನ್ನು ಬೋಧಿಸುವ ಹಿರಿಯರೆಲ್ಲರೂ, ನಾವು ತಂದೆತಾಯಿಗಳೂ, ಇದನ್ನು ನೆನಪಿಡಬೇಕು.

2014ರಲ್ಲಿ ಫ್ರಿಪ್ ಕಿಂಗ್ ಕ್ರಿಮ್ಸನ್ ತಂಡವನ್ನು ಮತ್ತೊಮ್ಮೆ ವೇದಿಕೆಗೆ ತಂದರು. ಈ ಬಾರಿ ಡ್ರಮ್ ವಾದಕರೇ ಮೂವರು. ಅವರಿಗೆ ಮುಂದಿನ ಸಾಲು ಕೊಟ್ಟು ಫ್ರಿಪ್ ಹಿಂದಿನ ಸಾಲಿನ ಮೂಲೆಯಲ್ಲಿ ತಮ್ಮ ಪೀಠ ಹಾಕಿಕೊಂಡರು. ಆ ತಂಡದ ಕೊನೆಯ ಕಾರ್ಯಕ್ರಮ 2021ರ ಡಿಸೆಂಬರ್ 8ರಂದು ಟೋಕಿಯೋ ನಗರದಲ್ಲಿ ನಡೆಯಿತು. ನೆಲಮಾಳಿಗೆಯ ಮೊದಲ ಅಭ್ಯಾಸದಿಂದ ಅಲ್ಲಿಗೆ ಐವತ್ತೆರಡು ವರ್ಷಗಳು ಸಂದಿದ್ದವು.

ಇನ್ನು ನಮ್ಮ ಮನೆಯ ಮಗುವಿನ ಕೈಯಲ್ಲಿರುವ ಗಿಟಾರಿನ ಮಾತು. ಮೊದಮೊದಲು ಅದರಿಂದ ಹೊರಡುವ ಸದ್ದು ನೆರೆಹೊರೆಯವರ ತಾಳ್ಮೆ ಪರೀಕ್ಷಿಸುವುದು ಖಂಡಿತ. ಆಗ, ‘ನಿನಗೆ ಶ್ರುತಿಯಿಲ್ಲ, ಬಿಟ್ಟುಬಿಡು’ ಎಂಬ ಮಾತು ನಾಲಗೆಯ ತುದಿಗೆ ಬರಬಹುದು. ಅದನ್ನು ಆಡುವ ಮುನ್ನ, ವಿಂಬೋರ್ನ್ ಪಟ್ಟಣದ ಆ ಎಡಚ ಹುಡುಗನನ್ನು ಒಮ್ಮೆ ನೆನೆಯೋಣ. ಮಗು ಮುಂದೆ ವಾದಕನಾಗದಿದ್ದರೂ ಚಿಂತೆಯಿಲ್ಲ. ಒಂದು ಸ್ವರವನ್ನು ಸರಿಯಾಗಿ ನುಡಿಸಲು ನೂರು ಬಾರಿ ಪ್ರಯತ್ನಿಸುವ, ಪಕ್ಕದವರ ಸ್ವರಕ್ಕೆ ಕಿವಿಗೊಡುವ ಅಭ್ಯಾಸ ಬಂದರೆ ಆ ವಾದ್ಯಕ್ಕೆ ಕೊಟ್ಟ ಹಣ ವ್ಯರ್ಥವಾಗದು.